ಗಂಟು ಹಾಕಿದ ವೈರು

"ವೈರ್ ಅಂದ್ರ ವೈರ್ ರೀ. ಅದಕ್ಯಾಕ ಇಷ್ಟ ಲಾಡ ಮಾಡ್ತೀರಿ?"

ಹಾಗಂದವನು ಕೈ ಮಾತ್ರ ನಿಲ್ಲಿಸಲಿಲ್ಲ. ಹೆಬ್ಬೆರಳಿನ ಸಂದಿಯಿಂದ ಮೊಳಕೈಗೆ, ಮೊಳಕೈಯಿಂದ ಮತ್ತೆ ಹೆಬ್ಬೆರಳಿಗೆ... ಬಾವಿಯ ಹಗ್ಗ ಸುತ್ತುವ ಹಾಗೆ ಜಗ್ಗಿ ಜಗ್ಗಿ ಸುತ್ತುತ್ತಲೇ ಇದ್ದ.

ಟಿಕೋಟಾದ ತಮ್ಮದೇ ಗೋದಾಮಿನ ಬಾಗಿಲಲ್ಲಿ ಸಾಯಿರಾ ನಿಂತಿದ್ದಳು. "ಹಂಗ ಸುತ್ತಬ್ಯಾಡ್ರಿ" ಎಂದು ಅವಳು ಹೊರಗಿನಿಂದಲೇ ಹೇಳಿದ್ದಕ್ಕೆ ಬಂದ ಉತ್ತರ ಅದು. ಅವನ ಕೈಯಲ್ಲಿದ್ದದ್ದು ಅವಳ ನಲವತ್ತು ಅಡಿಯ ಮೈಕ್ ಕೇಬಲ್. ಮೂರು ವರ್ಷದಲ್ಲಿ ಒಮ್ಮೆಯೂ ತೊಡರದ ಕೇಬಲ್.

ಯಾರಿವನು? ನಮ್ಮ ಗೋದಾಮಿನಲ್ಲಿ ನಿಂತು ನನಗೇ ಪಾಠ ಹೇಳುತ್ತಿದ್ದಾನಲ್ಲ...

"ಬಿಡ್ರಿ ಅದನ್ನ."

"ಇನ್ನ ನಾಕ ಸುತ್ತ ಅಷ್ಟ ಉಳಿದಾವ."

"ಮೊದಲ ಬಿಡ್ರಿ. ಆಮ್ಯಾಲ ನೀವು ಯಾರಂತ ಹೇಳ್ರಿ."

ಅವನು ಬಿಟ್ಟ. ಬಿಡಿ ಅಂದದ್ದಕ್ಕೆ ನಿಜವಾಗಿಯೂ ಕೈ ಬಿಟ್ಟೇಬಿಟ್ಟ. ಸುರುಳಿ ನೆಲಕ್ಕೆ ಬಿದ್ದು, ತನ್ನೊಳಗೆ ತಾನೇ ಹೊಕ್ಕು, ಒಂದು ಮುದ್ದೆಯಾಗಿ ಅವಳ ಚಪ್ಪಲಿಯ ಹತ್ತಿರ ಬಂದು ನಿಂತಿತು.

ಸಾಯಿರಾ ಒಂದು ಕ್ಷಣ ಕಣ್ಣು ಮುಚ್ಚಿದಳು. ತೆರೆದಾಗಲೂ ಮುದ್ದೆ ಅಲ್ಲೇ ಇತ್ತು. ಅವನೂ ಅಲ್ಲೇ ಇದ್ದ. ನಗಬಾರದೆಂದು ತುಟಿ ಬಿಗಿ ಹಿಡಿದಿದ್ದ, ಆದರೆ ಕಣ್ಣು ನಗುತ್ತಿದ್ದವು.

"ಬಂದೇನ ಬೇಟಾ?" ಒಳಗಿನಿಂದ ಅವಳ ತಂದೆ ಅಬ್ದುಲಗನಿಯ ದನಿ ಬಂತು. "ಇವಾ ಸಾದಿಕ. ಜೈನಾಪುರದಾಂವ. ಇವತ್ತಿಂದ ನಮ್ಮ ಕೂಡ ಕೆಲಸಕ್ಕ."

"ನನ್ನ ಒಂದ ಮಾತ ಕೇಳಲಿಲ್ಲಲ್ಲ ಅಬ್ಬಾ?"

"ಕೇಳೋದೇನೈತಿ? ಬಬಲೇಶ್ವರದಾಗ ಹನ್ನೊಂದ ವರ್ಷ ಬೋರಿನ ಮೋಟಾರ ಕೆಲಸ ಮಾಡ್ಯಾನ. ವೈರಿಂದು ಎಲ್ಲಾ ಗೊತ್ತೈತಿ ಅವಂಗ."

"ಗೊತ್ತೈತಿ, ಗೊತ್ತೈತಿ," ಎಂದಳು ಸಾಯಿರಾ ಮುದ್ದೆ ನೋಡುತ್ತಾ. "ಕಣ್ಣಿಗೆ ಕಾಣಾಕತ್ತೈತಿ."

ಅವಳು ನೆಲದ ಮೇಲೆ ಕುಳಿತು ತೊಡಕು ಬಿಡಿಸತೊಡಗಿದಳು. ಸಾದಿಕ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ಸಹಾಯಕ್ಕೆಂದು ಒಂದು ತುದಿ ಎಳೆದ. ತೊಡಕು ಇನ್ನೂ ಬಿಗಿಯಾಯಿತು.

"ಮುಟ್ಟಬ್ಯಾಡ್ರಿ."

"ಆತ್ರಿ."

"ನೋಡ್ರಿ ಇಲ್ಲೆ. ವೈರಿಗೆ ತನ್ನದ ಒಂದು ತಿರುವು ಇರತೈತಿ. ಒಂದ ಕಡೆ ಸುತ್ತಕೋತ ಹೋದ್ರ ಒಳಗಿನ ಎಳಿ ತಿರುಚಿ ತಿರುಚಿ ಹರಿತಾವ. ಒಂದ ಸುತ್ತ ಸೀದಾ, ಒಂದ ಸುತ್ತ ಉಲ್ಟಾ. ಸೀದಾ... ಉಲ್ಟಾ. ಆಗ ತುದಿ ಹಿಡದ ಒಗದ್ರ ಸ್ಟೇಜ್ ತನಾ ನೆಟ್ಟಗ ಹೋಗಿ ಬೀಳತೈತಿ."

ಅವಳ ಬೆರಳುಗಳು ತಿರುಗುವುದನ್ನು ಅವನು ನೋಡಿದ. ನಂತರ ಬಹಳ ಗಂಭೀರವಾಗಿ ಕೇಳಿದ, "ಇದನ್ನ ನಿಮಗ ಯಾರ ಕಲಿಸಿದ್ರು?"

"ಯಾರೂ ಇಲ್ಲ. ತೊಡಕ ಬಿಡಿಸಿ ಬಿಡಿಸಿ ಸಾಕಾಗಿ ನಾನ ಕಲ್ತೆ."

ಆ ಉತ್ತರ ಅವನಿಗೆ ಯಾಕೋ ಬಹಳ ಇಷ್ಟವಾಯಿತು. ಅವಳಿಗೆ ಅದು ಗೊತ್ತಾಗಲಿಲ್ಲ. ಗೊತ್ತಾಗುವಷ್ಟು ಸಮಾಧಾನ ಅವಳಿಗೆ ಆಗ ಎಲ್ಲಿತ್ತು?

ಸಮಾಧಾನ ಇಲ್ಲದಿರಲು ಕಾರಣವೂ ಇತ್ತು.

ಗನಿ ಸೌಂಡ್ ಎಂದರೆ ಟಿಕೋಟಾ, ಬಬಲೇಶ್ವರ, ವಿಜಯಪುರ ಸುತ್ತ ಮದುವೆಗೆ, ಭಾಷಣಕ್ಕೆ, ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮೈಕು ಹಾಕುವ ಹಳೆಯ ಹೆಸರು. ಮೈಕುಗಳ ದನಿ ಏರಿಳಿಸುವ ಮಿಕ್ಸರಿನ ಮುಂದಿನ ಕುರ್ಚಿಯಲ್ಲಿ ಮೂವತ್ತು ವರ್ಷ ಅಬ್ದುಲಗನಿ ಕುಳಿತಿದ್ದರು. ಈಗ ಅವರಿಗೆ ಮಾತು ಕೇಳುತ್ತದೆ, ಆದರೆ ಮೈಕು ಸೀಟಿ ಹೊಡೆದರೆ ಕೇಳುವುದಿಲ್ಲ. ಸಭೆಯೆಲ್ಲ ಕಿವಿ ಮುಚ್ಚಿಕೊಂಡಾಗ ಅವರು "ಏನಾತು?" ಎಂದು ಸುತ್ತ ನೋಡುತ್ತಾರೆ. ಆಗ ಸಾಯಿರಾ ತಾನೇ ಓಡಿ ಬಂದು ದನಿ ಇಳಿಸುತ್ತಿದ್ದಳು.

ಕುರ್ಚಿ ಬಿಡಬೇಕೆಂದು ಅವರಿಗೂ ಗೊತ್ತಿತ್ತು. ಆದರೆ ಯಾರಿಗೆ?

ಅವರ ಅಣ್ಣನ ಮಗ ಸಲ್ಮಾನ ಮೊದಲೇ ಸಾಲಿನಲ್ಲಿ ನಿಂತಿದ್ದ. "ಹೆಣ್ಮಕ್ಕಳು ಮಿಕ್ಸರಿಗೆ ಕುಂತ್ರ ಮಂದಿ ಸ್ಟೇಜ್ ಬಿಟ್ಟು ಹಿಂದ ಹೊಳ್ಳಿ ಕುಂದರತಾರ, ಚಾಚಾ," ಎಂದು ನಕ್ಕಿದ್ದ.

ಅಬ್ದುಲಗನಿ ನಗಲಿಲ್ಲ. ಅವತ್ತು ಊಟದ ತಾಟಿನ ಮುಂದೆ ಮಗಳಿಗೆ ಹೇಳಿದರು. "ತೊರವಿ ಹತ್ರ ಹಾಲ್‌ನಾಗ ಗುರುವಂದನಾ ಐತಿ ಮುಂದಿನ ತಿಂಗಳ. ಕಳ್ಳಕವಟಗಿ ಸಾಲಿಯ ಗುರುಪಾದಯ್ಯ ಮಾಸ್ತರಿಗೆ ಸನ್ಮಾನ. ಅದನ್ನ ನೀನ ಮಾಡು. ಒಂದ ಸೀಟಿ ಹೊಡೀಬಾರದು, ಒಂದ ಮಾತ ನುಂಗಬಾರದು. ಹಂಗ ಆದ್ರ ಕುರ್ಚಿ ನಿಂದು. ಇಲ್ಲಂದ್ರ ಸಲ್ಮಾನಂದು. ಆಮ್ಯಾಲ ಅಬ್ಬಾ ಹಂಗ, ಅಬ್ಬಾ ಹಿಂಗ ಅನಬಾರದು."

ಗುರುಪಾದಯ್ಯ ಮಾಸ್ತರಿಗೆ ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿತ್ತು. ದನಿ ನೂಲಿನಷ್ಟು ತೆಳ್ಳಗಾಗಿತ್ತು. ಆ ನೂಲನ್ನು ಕೊನೆಯ ಸಾಲಿನವರೆಗೆ ಹರಿಯದಂತೆ ಒಯ್ಯಬೇಕು.

ಅಂಥ ಹೊತ್ತಿಗೆ ಅವಳ ಪಾಲಿಗೆ ಬಂದವನು, ಮೊಳಕೈಗೆ ವೈರು ಸುತ್ತುವ ಸಾದಿಕ!

ಮೊದಲ ವಾರವೇ ಬಬಲೇಶ್ವರದ ಒಂದು ಮದುವೆಯಲ್ಲಿ ಅವನು ತನ್ನ ಕೈಚಳಕ ತೋರಿಸಿದ. ಮೈಕಿನ ವೈರು, ಕರೆಂಟಿನ ವೈರು ಎರಡನ್ನೂ ಜೋಡಿಸಿ, ಗೇಣಿಗೊಂದು ಟೇಪು ಹಚ್ಚಿ, ತೊಂಬತ್ತು ಅಡಿ ಎಳೆದಿದ್ದ.

"ನೋಡ್ರಿ, ಎಷ್ಟ ಛಂದ ಆತು. ಬೋರಿನಾಗ ಪೈಪಿಗೆ ಹಿಂಗ ಕಟ್ಟತೀವಿ."

ಸಾಯಿರಾ ಸ್ವಿಚ್ ಹಾಕಿದಳು. ಎರಡೂ ಸ್ಪೀಕರ್ ಬಾಕ್ಸುಗಳಿಂದ "ಗುಂಯ್" ಎಂದು ಒಂದು ದುಂಬಿ ಎದ್ದಿತು. ಅದು ನಿಲ್ಲಲಿಲ್ಲ.

"ಮೈಕಿನ ವೈರಿನಾಗ ಹೋಗೋ ಕರೆಂಟು ಉಸಿರಿನಷ್ಟ ಇರತೈತ್ರಿ," ಎಂದಳು, ಹಲ್ಲು ಕಚ್ಚಿ ನಿಧಾನಕ್ಕೆ. "ಅದರ ಬಗಲಾಗ ಮನಿ ಕರೆಂಟ ಮಲಗಿಸಿದ್ರ ಅದರ ಗೊರಕಿ ಇದಕ್ಕ ಹತ್ತತೈತಿ. ಒಂದ ಮೊಳ ದೂರ ಇರಬೇಕು. ದಾಟಬೇಕಂದ್ರ ಅಡ್ಡ ದಾಟಬೇಕು, ಸಂಗಾಟ ಹೋಗಬಾರದು."

ಸಾದಿಕ ತಲೆಯಾಡಿಸಿದ. ತೊಂಬತ್ತು ಅಡಿಯ ಟೇಪು ಬಿಚ್ಚುತ್ತಾ ಕುಳಿತ. ಅರ್ಧಕ್ಕೆ ಬಂದಾಗ ಮೆಲ್ಲಗೆ ಕೇಳಿದ, "ಮತ್ತ ನಾ ನಿಮ್ಮಿಂದ ಎಷ್ಟ ದೂರ ನಿಂದರಬೇಕ್ರಿ?"

"ಎರಡ ಮೊಳ."

"ಅಡ್ಡ ದಾಟಬಹುದೇನ್ರಿ?"

"ಟೇಪ್ ಬಿಚ್ಚರಿ ಸುಮ್ಕ."

ಮುಖ ತಿರುಗಿಸಿದಳು. ನಗು ಬಂದಿತ್ತು, ಅದನ್ನು ಅವನಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಹೀಗೆ ದಿನಕ್ಕೊಂದು ಕಥೆ. ದಪ್ಪ ಇದ್ದ ವೈರೇ ಒಳ್ಳೆಯದು ಎಂಬುದು ಅವನ ನಂಬಿಕೆ. ಬಾಕ್ಸಿಗೆ ಹೋಗುವ ಎರಡೆಳೆಯ ದಪ್ಪ ವೈರನ್ನು ಮೈಕಿಗೆ ಹಾಕಲು ಹೋಗಿ ಬೈಸಿಕೊಂಡ. ಮೈಕಿನ ವೈರಿಗೆ ದಪ್ಪ ಮುಖ್ಯವಲ್ಲ, ಎಳೆಗಳ ಸುತ್ತ ಇರುವ ತಾಮ್ರದ ಜಾಳಿಗೆ ಮುಖ್ಯ, ಹೊರಗಿನ ಗದ್ದಲ ತಡೆಯುವುದು ಅದೇ ಎಂದು ಅವಳು ಒಂದು ಹಳೇ ತುಂಡು ಸೀಳಿ ತೋರಿಸಿದಳು. ಅವನು ಆ ತುಂಡನ್ನು ಮಡಿಚಿ ಜೇಬಿಗೆ ಹಾಕಿಕೊಂಡ.

"ಅದ್ಯಾಕ ಇಟ್ಕೊಂಡ್ರಿ?"

"ಅಮ್ಮಿಗೆ ತೋರಸ್ತೀನಿ. ದಿನಾ ಕೇಳತಾಳ, ಏನ ಕಲ್ತಿ ಅಂತ."

ಇವನ ಮೇಲೆ ಸಿಟ್ಟು ಮಾಡಿಕೊಂಡರೂ ತಾಳುವುದಿಲ್ಲವಲ್ಲ, ಎಂದು ಅವಳಿಗೆ ಸಿಟ್ಟು ಬಂತು. ಒಂದು ಮಾತು ಮಾತ್ರ ಒಪ್ಪಬೇಕು. ಕಾರ್ಯಕ್ರಮ ಶುರುವಾದ ಮೇಲೆ ಅವನು ಮೊಬೈಲ್ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಮಾತು ಕೇಳುತ್ತಿದ್ದ. ಒಮ್ಮೆ ಅಂದ, "ಹನ್ನೊಂದ ವರ್ಷ ನಾ ಇಳಿಸಿದ ವೈರ್ ನೀರ ತಂದಾವ್ರಿ. ನೀವು ಎಳದ ವೈರ್ ಮಂದಿನ್ನ ಅಳಸ್ತೈತಿ."

ಆ ದಿನ ಮನೆಗೆ ಬಂದು ಅವಳು ಆ ಮಾತನ್ನು ಎಷ್ಟು ಸಲ ನೆನೆಸಿಕೊಂಡಳೋ... ಕೊನೆಗೆ ತನಗೆ ತಾನೇ ಬೈದುಕೊಂಡಳು.

ಈಗ ಗಂಟಿನ ವಿಷಯ ಹೇಳಬೇಕು. ಎಲ್ಲಾ ಕೆಟ್ಟದ್ದು ಅಲ್ಲಿಂದಲೇ.

ಗನಿ ಸೌಂಡ್‌ನಲ್ಲಿ ಕೆಟ್ಟ ವೈರಿಗೆ ತುದಿಯಲ್ಲಿ ಒಂದು ಗಂಟು ಹಾಕಿ ಹಿಂದಿನ ಗೋಡೆಯ ಮೊಳೆಗೆ ತೂಗು ಹಾಕುತ್ತಿದ್ದರು. ಗಂಟು ಕಂಡರೆ ಮುಟ್ಟಬೇಡ, ರಿಪೇರಿ ಆಗಬೇಕು ಎಂದರ್ಥ. ಸಾದಿಕ ಕೆಲಸ ಕಲಿತ ಮೋಟಾರು ಅಂಗಡಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಬೋರಿನಿಂದ ಎತ್ತಿದ ವೈರನ್ನು ನೀರಿನ ತೊಟ್ಟಿಗೆ ಬಿಟ್ಟು ನೋಡಿ, ಪಾಸಾದದ್ದಕ್ಕೆ ಮಾತ್ರ ಗಂಟು. ಗಂಟು ಇದ್ದರೆ ಕಣ್ಣು ಮುಚ್ಚಿ ಬೋರಿಗೆ ಇಳಿಸು ಎಂದರ್ಥ.

ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಲಿಲ್ಲ. ಲೋಕವೆಲ್ಲ ತಮ್ಮ ಹಾಗೇ ಗಂಟು ಹಾಕುತ್ತದೆ ಎಂದು ಇಬ್ಬರೂ ತಿಳಿದಿದ್ದರು.

ಗುರುವಂದನೆಗೆ ಎರಡು ದಿನ ಇರುವಾಗ ಸಾಯಿರಾ ಕಳ್ಳಕವಟಗಿಗೆ ಹೋದಳು. ಮಾಸ್ತರರ ಎದುರು ಕುಳಿತು ಅವರ ದನಿ ಕೇಳಬೇಕು, ಯಾವ ಮೈಕು ಹೊಂದುತ್ತದೆ ನೋಡಬೇಕು ಎಂಬುದು ಅವಳ ಲೆಕ್ಕ. ಗೋದಾಮಿನಲ್ಲಿ ಸಾದಿಕ ಒಬ್ಬನೇ ಉಳಿದ. ಅಕಿಗೆ ಅವತ್ತು ಒಂದೂ ತ್ರಾಸ ಆಗಬಾರದು ಅಂದುಕೊಂಡ. ಇದ್ದ ಒಂದೊಂದು ವೈರನ್ನೂ ಮೈಕಿಗೆ ಚುಚ್ಚಿ, ಬಾಗಿಸಿ, ಜಗ್ಗಿ, ಅಲುಗಿಸಿ ನೋಡಿದ. ಹದಿನಾಲ್ಕು ಪಾಸಾದವು. ಹದಿನಾಲ್ಕಕ್ಕೂ ಮುತುವರ್ಜಿಯಿಂದ ಒಂದೊಂದು ಗಂಟು ಹಾಕಿದ. ಸೀದಾ-ಉಲ್ಟಾ ಸುತ್ತಿದ.

ಆಗ ಹಿಂದಿನ ಗೋಡೆಯ ಮೊಳೆ ಕಂಡಿತು. ಮೂರು ವೈರು, ಮೂರಕ್ಕೂ ಗಂಟು.

ಇವು ಅಕಿನ ಪಾಸ್ ಮಾಡಿ ತೆಗೆದಿಟ್ಟಿದ್ದು, ಎಂದುಕೊಂಡ. ಅಕಿ ನೋಡಿದ್ದನ್ನು ನಾನೇನು ಮತ್ತೆ ನೋಡುವುದು? ಆ ಮೂರನ್ನೂ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟ.

ಗುರುವಂದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ತೊರವಿಯ ಹಾಲ್‌ನಲ್ಲಿ ಸಾಯಿರಾ ಪೆಟ್ಟಿಗೆ ತೆರೆದಳು.

ಗಂಟು. ಅದರ ಕೆಳಗೆ ಗಂಟು. ಅದರ ಕೆಳಗೂ ಗಂಟು...

ಮೇಲಿನ ಮೂರಂತೂ ಅವಳೇ ಕೆಟ್ಟವೆಂದು ತೆಗೆದಿಟ್ಟವು.

"ಎಲ್ಲಾದಕ್ಕೂ ಗಂಟ?" ಹಿಂದಿನಿಂದ ಬಗ್ಗಿ ನೋಡಿದ ಸಲ್ಮಾನ ಸೀಟಿ ಹಾಕಿದ. "ನೋಡಿದೇನ ಚಾಚಾ, ಕೆಟ್ಟ ವೈರ್ ಎಲ್ಲಾ ಹೇರ್ಕೊಂಡ ಬಂದಾರ."

ಅಬ್ದುಲಗನಿ ಒಂದು ಗಂಟು ಮುಟ್ಟಿದರು. ಮಗಳ ಮುಖ ನೋಡಿದರು ಅಷ್ಟೇ.

ಸಾದಿಕ ಸ್ಟೇಜಿನಿಂದ ನಗುತ್ತಾ ಇಳಿದು ಬಂದ. ಹೊಗಳಿಕೆಗೆ ಕಾಯುವವನ ನಗು ಅದು. ಆದರೆ ಆ ಹೊತ್ತಿನಲ್ಲಿ ಅವಳಿಗೆ ಅದು ಬೇರೆಯದೇ ಕಂಡಿತು.

"ಈ ಗಂಟ ಯಾರ ಹಾಕಿದ್ದು?"

"ನಾನ ರೀ. ಒಂದೊಂದೂ ನಾನ ನೋಡಿ ಹಾಕೀನಿ."

"ನೋಡಿ ಹಾಕೀರಿ? ಗೊತ್ತಿದ್ದ ತಂದೀರಿ?"

"ಮತ್ತ? ಇವತ್ತ ನಿಮ್ಮ ದಿನ ಅಲ್ರಿ..."

ಸಲ್ಮಾನ ಕಿಸಕ್ಕನೆ ನಕ್ಕ. ಆ ನಗು ಸಾಯಿರಾಳ ತಲೆಗೆ ಏರಿತು. ಇಬ್ಬರೂ ಕೂಡಿ ಮಾಡಿದ್ದಾರೆ. ಒಂದು ತಿಂಗಳಿಂದ ನಾನು ಯಾರಿಗೆ ಸೀದಾ-ಉಲ್ಟಾ ಕಲಿಸಿದೆ, ಯಾರ ಮಾತು ನೆನೆದು ನಿದ್ದೆ ಕೆಟ್ಟೆ... ಅಯ್ಯೋ, ಇಷ್ಟು ದಡ್ಡಿಯೇ ನಾನು?

"ಹೋಗ್ರಿ ನೀವು."

"ಎಲ್ಲಿಗ್ರಿ?"

"ಎಲ್ಲಿಗರ. ಜೈನಾಪುರಕ್ಕ ಹೋಗ್ರಿ, ಬೋರಿಗೆ ಇಳೀರಿ. ನನ್ನ ವೈರ್ ಮುಟ್ಟಬ್ಯಾಡ್ರಿ ಇನ್ನ."

ಅವನ ಮುಖದ ನಗು ಒಂದೊಂದೇ ಇಂಚು ಹಿಂದೆ ಸರಿಯಿತು. ಏನೋ ಹೇಳಲು ಬಾಯಿ ತೆರೆದ. ಅವಳು ಬೆನ್ನು ತಿರುಗಿಸಿ ಆಗಿತ್ತು. ಅವನು ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಬಾಕ್ಸಿನ ಮೇಲೆ ಇಟ್ಟು ಬಾಗಿಲ ಕಡೆ ನಡೆದ.

ಹನ್ನೊಂದಕ್ಕೆ ಕಾರ್ಯಕ್ರಮ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೇ ಬರತೊಡಗಿದ್ದರು. ಟಿಕೋಟಾಕ್ಕೆ ಹೋಗಿ ಬೇರೆ ವೈರು ತರೋಣವೆಂದರೆ ಅಲ್ಲಿ ಬೇರೆ ವೈರು ಇಲ್ಲ. ಇದ್ದವೆಲ್ಲ ಈ ಪೆಟ್ಟಿಗೆಯಲ್ಲೇ.

"ಎರಡಾದ್ರೂ ಜೀವಂತ ಸಿಗತಾವೇನ ನೋಡೋಣ," ಎಂದು ಅವಳು ಗಂಟು ಬಿಚ್ಚುತ್ತಾ ಕುಳಿತಳು. ಮೇಲಿನ ಮೂರು ಸತ್ತಿದ್ದವು, ಅದು ಗೊತ್ತಿದ್ದದ್ದೇ. ನಾಲ್ಕನೆಯದನ್ನು ಚುಚ್ಚಿದಳು.

"ಹಲೋ."

ಹಾಲ್ ತುಂಬ ಅವಳ ದನಿ, ಹೊಳೆವಷ್ಟು ಸ್ವಚ್ಛ.

ಐದನೆಯದು. "ಹಲೋ." ಅದೂ ಸ್ವಚ್ಛ. ಆರು. ಏಳು. ಹದಿನಾಲ್ಕೂ ಮುಗಿದಾಗ ಅವಳು ಗಂಟು ಬಿಚ್ಚಿದ ತುದಿಗಳ ನಡುವೆ ಸುಮ್ಮನೆ ಕುಳಿತಿದ್ದಳು. ಒಂದರಲ್ಲೂ ಸಣ್ಣ ಕರಕರ ಇಲ್ಲ. ಒಳ್ಳೆಯ ವೈರಿಗೆ ಯಾವನು ಗಂಟು ಹಾಕುತ್ತಾನೆ?

ಟೆಂಪೊ ಓಡಿಸುವ ಸಾಬಣ್ಣ ಬಾಕ್ಸು ಸರಿಸುತ್ತಾ ಅವಳ ಗೊಣಗಾಟ ಕೇಳಿ ನಿಂತ. "ಅಲ್ಲ ತಂಗಿ, ಬೋರಿನ ಮಂದಿ ಪಾಸಾಗಿದ್ದಕ್ಕ ಅಲ್ಲೇನ ಗಂಟ ಹಾಕೋದು? ನಮ್ಮ ಹೊಲದಾಗ ಮೋಟಾರ ಇಳಸೋ ಮುಂದ ನಾ ನೋಡೀನಿ. ಗಂಟ ಇಲ್ಲದ ವೈರ್ ತಂದ್ರ ವಾಪಸ್ ಕಳಸ್ತಾರ ಅವರು."

"ಪಾಸಾಗಿದ್ದಕ್ಕ?"

"ಹೂಂ. ಯಾಕ, ನಿಮ್ಮದ ಹೆಂಗ?"

"ನಮ್ಮಲ್ಲೆ ಕೆಟ್ಟಿದ್ದಕ್ಕ," ಎಂದಳು ಅವಳು. ಒಂದೊಂದೂ ನಾನ ನೋಡಿ ಹಾಕೀನಿ. ಇವತ್ತ ನಿಮ್ಮ ದಿನ. ಸಾದಿಕನ ಎರಡೂ ಮಾತು ಈಗ ಮೊದಲ ಸಲ ಕೇಳಿದ ಹಾಗೆ ಕಿವಿಗೆ ಬಿದ್ದವು. ಮೇಲಿನ ಮೂರನ್ನು ಅವನು ಯಾಕೆ ಪರೀಕ್ಷೆ ಮಾಡಲಿಲ್ಲ ಎಂಬುದೂ ಹೊಳೆಯಿತು. ಗಂಟು ಅವಳದಾಗಿತ್ತು. ಅದಕ್ಕೇ ನಂಬಿದ್ದ.

ಬಾಗಿಲ ಕಡೆ ಓಡಬೇಕೆನಿಸಿತು. ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಸಲ್ಮಾನ ಮಿಕ್ಸರಿನ ಕುರ್ಚಿಯ ಬೆನ್ನ ಮೇಲೆ ಕೈ ಊರಿ, "ನಾ ಕುಂದರ್ಲೇನ?" ಎಂದು ಕೇಳುತ್ತಿದ್ದ.

ಈಗ ಎದ್ದು ಹೋದರೆ ಕುರ್ಚಿ ಹೋಯಿತು. ಹೋಗದಿದ್ದರೆ ಅವನು ಹೋದ... ದೇವರೇ, ಈ ಬೋರಿನ ಮನುಷ್ಯನಿಗೆ ಒಂದು ಮಾತು ಬಿಡಿಸಿ ಹೇಳಲು ಬರುತ್ತಿರಲಿಲ್ಲವೇ?

"ಕೈ ತಗಿ ಸಲ್ಮಾನ ಭಾಯಿ," ಎಂದಳು, ಮತ್ತು ಕುಳಿತಳು. ಆ ಹದಿನಾಲ್ಕು ಗಂಟು ಹಾಕಿದ್ದು ಅವಳು ಈ ಕುರ್ಚಿಯಲ್ಲಿ ಕೂರಲೆಂದೇ ಅಲ್ಲವೇ? ಎದ್ದು ಹೋದರೆ ಅದಕ್ಕೂ ದ್ರೋಹ.

ಸ್ವಾಗತ, ಹಾರ, ಶಾಲು. ಎಲ್ಲಾ ಸರಾಗ. ಹನ್ನೆರಡೂವರೆಗೆ ಗುರುಪಾದಯ್ಯ ಮಾಸ್ತರು ಎದ್ದು ನಿಂತರು. ಐದುನೂರು ಮಂದಿ ಒಮ್ಮೆಲೇ ಸುಮ್ಮನಾದರು. ಸಾಯಿರಾ ಎರಡು ಬೆರಳಿಂದ ಮೆಲ್ಲಗೆ ದನಿ ಏರಿಸಿದಳು. ನೂಲು ಬಿಚ್ಚಿಕೊಂಡಿತು. ಮಾಸ್ತರು ಹಳೆಯ ಹಾಜರಿ ಕರೆದ ಹಾಗೆ ಹೆಸರು ಹಿಡಿದು ಕರೆಯತೊಡಗಿದರು, "ರಾಜಾರಾಮ ಬಂದೀಯೇನಪಾ... ಮಾಲಾ, ನಿನ್ನ ಪಾಟಿ ಇನ್ನೂ ನನ್ನ ಹತ್ರ ಐತಿ..." ಕೊನೆಯ ಸಾಲಿನಲ್ಲಿ ಒಬ್ಬ ನರೆಗೂದಲಿನವನು ಎದ್ದು "ಹಾಜರ್ ರೀ ಸರ್" ಎಂದ.

ಆಗ ಫೋಟೊ ತೆಗೆಯುವವರು ನುಗ್ಗಿದರು. ಯಾರದೋ ಬೂಟು ಸ್ಟೇಜಿನ ಅಂಚಿನಲ್ಲಿ ವೈರು ಕೂಡಿಸಿದ್ದ ಪಿನ್ನಿನ ಮೇಲೆ ಬಿತ್ತು.

ಕರ್... ಕರ್ ಕರ್...

ಮಾಸ್ತರರ ಮಾತು ತುಂಡಾಯಿತು. ಅವಳಿಂದ ಸ್ಟೇಜಿಗೆ ಎಂಬತ್ತು ಅಡಿ. ನಡುವೆ ಐದುನೂರು ಮಂದಿ. "ಸಲ್ಮಾನ ಭಾಯಿ, ಆ ಪಿನ್ ನೋಡ ಹೋಗು." ಸಲ್ಮಾನ ನಿಧಾನಕ್ಕೆ ಎದ್ದ. ಅಂಗಿ ನೆಟ್ಟಗೆ ಮಾಡಿಕೊಂಡ.

ಅಷ್ಟರಲ್ಲಿ ಕರಕರ ನಿಂತಿತು.

ನೂಲು ಮತ್ತೆ ಕೂಡಿಕೊಂಡು ಹರಿಯಿತು. ಸಾಯಿರಾ ಕುರ್ಚಿಯಿಂದ ಅರ್ಧ ಎದ್ದು ನೋಡಿದಳು. ಸ್ಟೇಜಿನ ಮೆಟ್ಟಿಲ ಬದಿಗೆ, ಹೂವಿನ ಕುಂಡದ ಹಿಂದೆ, ಸಾದಿಕ ನೆಲದ ಮೇಲೆ ಕುಳಿತಿದ್ದ. ಎರಡೂ ಕೈಯಲ್ಲಿ ಪಿನ್ ಹಿಡಿದಿದ್ದ, ಹಕ್ಕಿಮರಿ ಹಿಡಿದ ಹಾಗೆ, ಒಂದಿಷ್ಟು ಎಡಕ್ಕೆ ಬಾಗಿಸಿ.

ಅವನು ತಲೆ ಎತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು.

ಅವಳು ಎದ್ದು ಹೋಗುವಂತಿಲ್ಲ. ಅವನು ಕೈ ಬಿಡುವಂತಿಲ್ಲ. ಮಾಸ್ತರು ಮೂವತ್ತೈದು ನಿಮಿಷ ಮಾತಾಡಿದರು. ಫೋಟೊದವನೊಬ್ಬ ಸಾದಿಕನ ಕಾಲು ತುಳಿದ. ಅವನ ಹುಬ್ಬು ಗಂಟಿಕ್ಕಿತು, ಕೈ ಅಲುಗಲಿಲ್ಲ. ನಡುವೆ ಒಮ್ಮೆ ಅವನು ಹುಬ್ಬಿನಲ್ಲೇ ಕೇಳಿದ, ಬರೊಬ್ಬರಿ ಐತೇನ? ಸಾಯಿರಾ ತಲೆಯಾಡಿಸಿದಳು. ಕಣ್ಣು ತುಂಬಿ ಮಿಕ್ಸರಿನ ದೀಪಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಬೆರಳು ಮಾತ್ರ ಇದ್ದಲ್ಲೇ ಇದ್ದವು.

ಊಟದ ಹೊತ್ತಿಗೆ ಗುರುಪಾದಯ್ಯ ಮಾಸ್ತರು ಕೋಲೂರಿ ಮಿಕ್ಸರಿನವರೆಗೆ ನಡೆದು ಬಂದರು. "ಯವ್ವಾ, ನನ್ನ ದನಿ ನನಗ ಕೇಳಿ ಎರಡ ವರ್ಷ ಆಗಿತ್ತು," ಎಂದರು. ಮತ್ತೇನೂ ಹೇಳದೆ ಅವಳ ತಲೆ ಮುಟ್ಟಿ ಹೋದರು.

ಅಬ್ದುಲಗನಿ ಅದನ್ನೂ ಕೇಳಿಸಿಕೊಂಡರು. ಸಲ್ಮಾನನ ಹೆಗಲ ಮೇಲೆ ಕೈ ಇಟ್ಟು, "ಮಾತ ತುಂಡಾತು, ಆದ್ರ ನುಂಗಲಿಲ್ಲ. ನಾಳಿಂದ ಏನಿದ್ರೂ ಅಕಿನ್ನ ಕೇಳಿ ಮಾಡು," ಎಂದರು. ಹೆಚ್ಚು ಮಾತಿನ ಮನುಷ್ಯರಲ್ಲ. ಅಷ್ಟು ಹೇಳಿ ಊಟದ ಸಾಲಿಗೆ ಹೋದರು.

ಕುರ್ಚಿ ಸಿಕ್ಕಿತು. ಒಂದು ತಿಂಗಳು ಕನಸಿನಲ್ಲೂ ಕಾದ ಮಾತು. ಆದರೆ ಸಾಯಿರಾ ಕುರ್ಚಿಯಲ್ಲಿ ಇರಲಿಲ್ಲ. ಸ್ಟೇಜಿನ ಮೇಲೆ ವೈರು ಸುತ್ತುತ್ತಿದ್ದ ಸಾದಿಕನ ಎದುರು ನಿಂತಿದ್ದಳು.

"ನಿಮಗ ಬಾಯಿ ಇಲ್ಲೇನ?"

ಕ್ಷಮೆ ಕೇಳಬೇಕೆಂದು ಬಂದವಳ ಬಾಯಿಂದ ಬಂದದ್ದು ಇದು.

"ಐತ್ರಿ."

"ಮತ್ತ? ಗಂಟ ಅಂದ್ರ ಪಾಸ್ ಅಂತ ಒಂದ ಮಾತ ಹೇಳಾಕ ಏನಾಗಿತ್ತು?"

"ಗಂಟ ಅಂದ್ರ ಫೇಲ್ ಅಂತ ನೀವೂ ಹೇಳಿರಲಿಲ್ಲಲ್ರಿ. ಈಗ ಸಾಬಣ್ಣ ಹೇಳಿದ್ಮ್ಯಾಲ ಗೊತ್ತಾತು. ಅಲ್ರಿ, ಕೆಟ್ಟಿದ್ದಕ್ಕ ಯಾರರ ಗಂಟ ಹಾಕ್ತಾರೇನ?"

"ಎಲ್ಲಾರೂ ಹಾಕ್ತಾರ. ನಿಮ್ಮ ಬೋರಿನ ಮಂದಿ ಬಿಟ್ಟ."

ಅವಳೂ ಒಂದು ವೈರಿನ ತುದಿ ಎತ್ತಿಕೊಂಡಳು. ಅವಳ ದನಿ ಇಳಿಯಿತು.

"ತಪ್ಪಾತು ನಂದು. ಮಂದಿ ಮುಂದ ಹಂಗ ಅನಬಾರದಿತ್ತು... ಅಂದ ಮ್ಯಾಲೂ ಯಾಕ ಹೊಳ್ಳಿ ಬಂದ್ರಿ?"

"ಬಸ್ ಹತ್ತಿದ್ದೆ. ತಿಕೀಟೂ ತಗೊಂಡಿದ್ದೆ. ಆಮ್ಯಾಲ ಸ್ಟೇಜಿನ ಪಿನ್ನಿಗೆ ಯಾರೂ ಟೇಪ್ ಹಚ್ಚಂಗಿಲ್ಲಂತ ನೆನಪಾತು. ಇಳದ ಬಂದೆ."

"ಟೇಪಿಗಾಗಿ?"

"ಹೂಂ ರೀ." ಅವನು ಒಂದು ಸುತ್ತು ಸೀದಾ, ಒಂದು ಉಲ್ಟಾ ಹಾಕಿದ. "ಹಿಂದಿನ ವರ್ಷ ನಮ್ಮೂರ ಸಾಲಿ ಗ್ಯಾದರಿಂಗ್ ಆತಲ್ರಿ. ಒಬ್ಬಾಂವ ವೈರ್ ಮ್ಯಾಲ ಬೈಕ್ ನಿಂದರಿಸಿದ್ದ. ನೀವು ಬೈಕ್ ಎತ್ತಿಸಿ, ಆ ವೈರ್ ಒರಸಿ, ಅದರ ಮುಂದ ಕುಂತ, ಅವನ ಮಾರಿ ಸೈತ ನೋಡದ, ಅರ್ಧಾ ತಾಸ ಅವಂಗ ಬೈದ್ರಿ."

"ನೆನಪೈತಿ. ಎಂಥಾ ದಡ್ಡ."

"ಅಂವ ನಾನ ರೀ."

ಸಾಯಿರಾ ಅವನನ್ನು ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ನೋಡಿದಳು.

"ಒಂದ ವೈರಿಗಾಗಿ ಇಷ್ಟ ಸಂಕಟ ಪಡೋರ್ನ ನಾ ನೋಡಿರಲಿಲ್ಲ. ಆಮ್ಯಾಲ ಮೋಟಾರ ಕೆಲಸದಾಗ ಮನಸ ಹತ್ತಲಿಲ್ಲ. ಅಮ್ಮಿ ಎರಡ ಸಲ ಕೇಳ್ಯಾಳ, ಟಿಕೋಟಾಕ್ಕ ಹೋಗಿ ಹೆಣ್ಣ ಕೇಳ್ಕೊಂಡ ಬರ್ಲೇನ ಅಂತ. ನಾನ ಬ್ಯಾಡ ಅಂದೀನಿ."

"ಯಾಕ ಬ್ಯಾಡ?" ಕೇಳಿದ ಮೇಲೆ, ಇಷ್ಟು ಲಗುಬಗೆಯಿಂದ ಕೇಳಬಾರದಿತ್ತು ಎನಿಸಿತು ಅವಳಿಗೆ.

"ನಿಮಗ ಕುರ್ಚಿ ಸಿಗಲಿ ಮೊದಲ ಅಂತ. ಇಲ್ಲಂದ್ರ ನಾಳೆ ನೀವ ಅಂತೀರಿ, ಇವಾ ಕುರ್ಚಿಗಾಗಿ ಬಂದಾನಂತ. ನನಗ ಕುರ್ಚಿ ಬ್ಯಾಡ್ರಿ. ನಾ ಸ್ಟೇಜ್ ಬಾಜೂ ಇರ್ತೀನಿ, ನೀವು ಮಿಕ್ಸರ್‌ಗೆ. ನಡುವ ಒಂದ ವೈರ್ ಇದ್ರ ಸಾಕು."

ಎಷ್ಟು ದಿನದಿಂದ ಅವಳೊಳಗೆ ಒಂದು ಹೆದರಿಕೆ ಇತ್ತು. ಲಗ್ನ ಅಂದರೆ ಕುರ್ಚಿ ಬಿಟ್ಟು ಯಾರದೋ ಊರಿಗೆ ಹೋಗುವುದು ಎಂಬ ಹೆದರಿಕೆ. ಅದು ಈಗ ಸದ್ದಿಲ್ಲದೆ ಹೊರಟು ಹೋಯಿತು.

"ನಾ ಭಾಳ ಬೈತೀನಿ," ಎಂದು ಅವಳು ನೆಲ ನೋಡಿದಳು.

"ಗೊತ್ತೈತಿ. ಹಿಂದಿನ ವರ್ಷದಿಂದ ಕೇಳಾಕತ್ತೀನಿ."

"ನಿಮ್ಮ ಅಮ್ಮಿನ್ನ ಕಳಸ್ರಿ. ಆದ್ರ ಮದುವಿ ಸೀಸನ್‌ನಾಗ ತಾರೀಖ ಇಡಬ್ಯಾಡ್ರಿ. ಆಗ ನಮಗ ಕೆಲಸ ಇರತೈತಿ."

"ಇಡಂಗಿಲ್ಲ." ಅವನು ಸ್ವಲ್ಪ ಯೋಚಿಸಿದ. "ಅಲ್ರಿ, ಅವತ್ತ ಸೌಂಡ್ ಯಾರ ಮಾಡವರು?"

"ಸಲ್ಮಾನ ಭಾಯಿ."

ಇಬ್ಬರೂ ಒಂದೇ ಸಲ ಮುಖ ಹಿಂಡಿದರು.

"ಸಾಯಿರಾ," ಎಂದ ಅವನು. ಮೊದಲ ಸಲ ಬರೀ ಹೆಸರು.

"ಹೂಂ."

"ಏನಿಲ್ಲ. ದನಿ ಹೆಂಗ ಬರತೈತಿ ನೋಡಿದೆ."

"ಚೊಲೊ ಬಂತು," ಎಂದಳು ಅವಳು. "ಇನ್ನೊಮ್ಮೆ ಅನ್ರಿ."

ಕೊನೆಯ ಸುರುಳಿ ಹೊರಗೆ ಒಯ್ದಿಟ್ಟಾಗ ಟೆಂಪೊದ ಸ್ಟಾರ್ಟರ್ ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ. ಸಾಮಾನು ಹೇರಿ ಆಗಿತ್ತು. ಅಬ್ದುಲಗನಿ, ಸಲ್ಮಾನ ಇಬ್ಬರೂ ಸಾಬಣ್ಣನ ಪಕ್ಕ ಕುಳಿತಿದ್ದರು. ಸಾಯಿರಾ ಒಂದು ಕಡೆ, ಸಾದಿಕ ಒಂದು ಕಡೆ ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದರು. ಹತ್ತು ಹೆಜ್ಜೆಗೆ ಟೆಂಪೊ ಒಮ್ಮೆ ಹೂಂಕರಿಸಿ ಎದ್ದಿತು. ನಿಲ್ಲಿಸಿದರೆ ಮತ್ತೆ ಆರೀತೆಂದು ಹೆದರಿ ಸಾಬಣ್ಣ ನಿಲ್ಲಿಸಲೇ ಇಲ್ಲ. ತಳ್ಳಿದವರನ್ನು ಹೊಗೆಯಲ್ಲಿ ಬಿಟ್ಟು, ಟಿಕೋಟಾ ರಸ್ತೆ ಹಿಡಿದು ಹೋಗಿಯೇಬಿಟ್ಟ. ತಳ್ಳುವ ಭರದಲ್ಲಿ ಅವಳ ಚಪ್ಪಲಿಯ ಒಂದು ಉಂಗುಟ ಹರಿದಿತ್ತು. ಸಾದಿಕ ಸೊಂಟದಿಂದ ಟೇಪು ತೆಗೆದು ರಸ್ತೆಯ ಬದಿಯಲ್ಲೇ ಮೊಣಕಾಲೂರಿದ.